ಓಬಳೇಶಪ್ಪನವರ ಗಂಟಲಿಗೆ ನಾನೇ ಬ್ಯಾಕಪ್ಪು

ಪ್ರಚಾರದ ಆಟೋದಲ್ಲಿ ಕೂತು ಮೈಕು ಹಿಡಿಯುವ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ತಮ್ಮಂದಿರೇ, ಮೊದಲು ನನ್ನ ಹಿರಿತನಕ್ಕೊಂದು ನಮಸ್ಕಾರ ಹಾಕಿರಿ. ನಾನು ನಿವೃತ್ತ. ವಯಸ್ಸು ಇಪ್ಪತ್ತೇಳು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ತಲೆಕೂದಲು ಇನ್ನೂ ಕಪ್ಪಗಿದೆ, ಪಿಂಚಣಿ ಇಲ್ಲ, ಮೊಮ್ಮಕ್ಕಳ ಮಾತು ಹಾಗಿರಲಿ, ಹೆಂಡತಿಯೇ ಇಲ್ಲ. ಆದರೂ ನಿವೃತ್ತಿ ಅಂದರೆ ನಿವೃತ್ತಿಯೇ. ಅದನ್ನು ರಾಯದುರ್ಗದ ಬೀದಿಬೀದಿಯಲ್ಲಿ ಮೈಕಿನಲ್ಲಿ ಸಾರಿದ್ದಾರೆ, ಬೇಕಾದರೆ ಯಾರನ್ನಾದರೂ ಕೇಳಿ.

ನನ್ನ ಹೆಸರು ಹನುಮೇಶ. ನೇಮಕಲ್ಲು ಆಂಜನೇಯನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು. ಆದ್ದರಿಂದ ನನ್ನ ಕೋತಿಚೇಷ್ಟೆಗಳ ಬಗ್ಗೆ ದೂರಿದ್ದರೆ ನೇರವಾಗಿ ಅಲ್ಲಿಗೇ ಹೋಗಿ ಹೇಳಿಕೊಳ್ಳಬೇಕು. ಮಾತು ಕಲಿತಾಗಿನಿಂದ ನಾನು ನನ್ನ ದನಿಯಲ್ಲಿ ಮಾತಾಡಿದ್ದು ಕಡಿಮೆ. ಕಂಡಕ್ಟರು, ಹೆಡ್‌ಮಾಸ್ತರು, ಮನೆಯ ಹಿಂದಿನ ಎಮ್ಮೆ, ಯಾರನ್ನೂ ಬಿಟ್ಟವನಲ್ಲ. ಒಂದು ದಿನ ಚಹಾದ ಅಂಗಡಿಯ ಮುಂದೆ ನಿಂತು ಓಬಳೇಶಪ್ಪನವರ ದನಿ ತೆಗೆಯುತ್ತಿದ್ದೆ.

ಓಬಳೇಶಪ್ಪನವರೆಂದರೆ ಆಗ ರಾಯದುರ್ಗಕ್ಕೆಲ್ಲ ಒಂದೇ ಬಾಯಿ. ಸೀರೆ ಅಂಗಡಿ ತೆರೆಯಲಿ, ಸರ್ಕಸ್ ಬರಲಿ, ಯಾರದೋ ಮೇಕೆ ಕಳೆಯಲಿ, ಊರಿಗೆ ತಿಳಿಯುತ್ತಿದ್ದದ್ದು ಅವರ ಆಟೋದಿಂದ. "ಹ್ಞಾ... ಕೇಳ್ರಪಾ ಕೇಳ್ರಿ!" ಎಂದು ಶುರು. "ಬರ್ರೀಽಽ" ಎಂದು ಎಳೆದು ಎತ್ತುವುದು. ಬೆಲೆ ಹೇಳಿದ ಮೇಲೆ ಮೂಗಿನಲ್ಲೊಂದು ಸಣ್ಣ ನಗು: "ಹೆಹ್." ನಾನು ಆ 'ಹೆಹ್'ಗೆ ಸ್ವಲ್ಪ ಖಾರ ಹಚ್ಚಿ ಬಡಿಸುತ್ತಿದ್ದೆ. ಕೇಳುತ್ತಿದ್ದವರ ನಗು ಫಕ್ಕನೆ ನಿಂತಿತು. ತಿರುಗಿ ನೋಡಿದರೆ ಅವರೇ, ಚಹಾದ ಲೋಟ ಹಿಡಿದು ನಿಂತಿದ್ದರು.

"ಏನಲೇ, ನನ್ ಅನ್ನಕ್ಕ ಕಲ್ಲು ಹಾಕಾಕ ನಿಂತೀಯೇನು?"

"ಇಲ್ರಿ ಅಣ್ಣಾರ..."

"ಹಾಕೋದಿದ್ರ ನನ್ ಆಟೋದಾಗೇ ಕುಂತು ಹಾಕು. ನಾಳಿಂದ ಬಾ. ಮತ್ತ ಆ ಹೆಹ್ ನಂದಲ್ಲ. ನಾ ಹಂಗ ಅನ್ನಂಗಿಲ್ಲ."

ಸಂದರ್ಶನ ಅಷ್ಟೇ.

ಕೆಲಸದ ಗುಟ್ಟುಗಳನ್ನು ಅವರು ಬೈದೇ ಕಲಿಸಿದರು. ವಾಕ್ಯ ಓಣಿಯ ತಿರುವಿಗೆ ಮುಂಚೆ ಮುಗಿಯಬೇಕು, ಇಲ್ಲದಿದ್ದರೆ ಅಂಗಡಿಯ ಹೆಸರು ಒಂದು ಓಣಿಗೆ, ವಿಳಾಸ ಇನ್ನೊಂದು ಓಣಿಗೆ ಹಂಚಿಹೋಗುತ್ತದೆ. ಶಾಮಿಯಾನ ಕಂಡರೆ ದನಿ ಇಳಿಸಿ, ಒಳಗೆ ಮದುವೆಯೋ ಸಾವೋ ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳದೆ, ಹೆಣ ಎತ್ತುವ ಹೊತ್ತಿಗೆ ಸರಿಯಾಗಿ ಅದೇ ಮನೆಯ ಮುಂದೆ "ಇಂಥಾ ಅವಕಾಶ ಮತ್ತ ಸಿಗಂಗಿಲ್ಲ" ಎಂದು ಕೂಗಿ, ಚಪ್ಪಲಿ ಬಿಟ್ಟು ಓಡಿದ್ದುಂಟು. ಅದು ಹಾಸಿಗೆ ಅಂಗಡಿಯ ಪ್ರಚಾರವಾಗಿತ್ತು.

ಆಮೇಲೆ ಕಂಪ್ಯೂಟರು ಬಂತು. ಸಾಲು ಒಮ್ಮೆ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿದರೆ ಆಟೋ ತಾನೇ ಕೂಗುತ್ತದೆ, ಗಂಟಲಿಗೆ ರಜೆ. ಓಬಳೇಶಪ್ಪನವರು ರೆಕಾರ್ಡಿಂಗಿಗೆಂದು ಎಲ್ಲಿಂದಲೋ ಒಂದು ಸಾಫ್ಟ್‌ವೇರ್ ತಂದರು. ದುಡ್ಡು ಕಟ್ಟದೆ ತಂದದ್ದು. ಅದು ನಮ್ಮ ಮಾತಿನ ನಡುನಡುವೆ ಒಬ್ಬ ಇಂಗ್ಲಿಷ್ ಹೆಂಗಸಿನ ದನಿಯಲ್ಲಿ "ಟ್ರಯಲ್ ವರ್ಷನ್, ಟ್ರಯಲ್ ವರ್ಷನ್" ಎಂದು ಸೇರಿಸುತ್ತಿತ್ತು. ನಾವು ಕೇಳಿ ನೋಡಲಿಲ್ಲ. ಮೊದಲ ಪ್ರಯೋಗ ಒಂದು ಜೀನ್ಸ್ ಅಂಗಡಿಯದು. ಊರು ಯಾವುದು? ಮನೆಮನೆಯಲ್ಲಿ ಜೀನ್ಸ್ ಹೊಲಿಯುವ ರಾಯದುರ್ಗ. ಇಲ್ಲಿ ಟ್ರಯಲ್ ಅಂದರೆ ಹೊಲಿದದ್ದನ್ನು ತೊಟ್ಟು ನೋಡುವುದು. ಸಂಜೆಯೊಳಗೆ ಅಂಗಡಿಯಲ್ಲಿ ಜನವೋ ಜನ. "ಎಲ್ಲಿ ಐತ್ರೀ ಆ ಹೊಸಾ ಟ್ರಯಲ್ ವರ್ಷನ್ನು? ಸೊಂಟ ಮೂವತ್ತಾರು ತೆಗೀರಿ." ಅಂಗಡಿಯವ ಜಾಣ. ಗೋದಾಮಿನಲ್ಲಿ ಕೊಳೆಯುತ್ತಿದ್ದ ಹಳೆಯ ಮಾಲಿಗೆಲ್ಲ ಆ ಹೆಸರಿಟ್ಟು ಮಾರಿ ಮುಗಿಸಿದ. ನಮಗೆ ಮಿಠಾಯಿ ಕಳಿಸಿದ.

ಆ ಮಿಠಾಯಿ ನುಂಗಲು ಓಬಳೇಶಪ್ಪನವರಿಗೆ ಕಷ್ಟವಾಯಿತು. ಗಂಟಲು ಹಿಡಿದಿದೆ ಅಂದರು. ಕಷಾಯ ಆಯಿತು, ಜ್ಯೇಷ್ಠಮಧು ಆಯಿತು, ಕೊನೆಗೆ ಬಳ್ಳಾರಿಯ ಡಾಕ್ಟರು ಗಡ್ಡೆ ಇದೆಯೆಂದು ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಊರಿನ ಬಾಯಿ ಹೋಯಿತು.

ಅವರು ಮನೆಯಲ್ಲಿ ಕೂರುವ ಜಾತಿಯಲ್ಲ. ಹ್ಯಾಂಡಲ್ ಹಿಡಿದು ತಾವೇ ಆಟೋ ಓಡಿಸತೊಡಗಿದರು, ನಾನು ಹಿಂದೆ ಮೈಕು. ಹಾರ್ನೇ ಅವರ ಭಾಷೆ. ಒಂದು ಸಲ ಒತ್ತಿದರೆ ಹೂಂ. ಎರಡು ಸಲ ಒತ್ತಿದರೆ ಬೇಡ. ಒತ್ತಿ ಹಿಡಿದರೆ ಅದು ನನ್ನ ವಂಶಕ್ಕೆ ಸಂಬಂಧಿಸಿದ ಮಾತು.

ಬೀದಿಯಲ್ಲಿ ಹಾರ್ನಿನಿಂದ ನಡೆಯಿತು, ಮನೆಯಲ್ಲಿ? ನಮ್ಮದು ಆಂಧ್ರದ ಗಡಿಯೂರು. ಅವರು ಓದಿದ್ದು ಕನ್ನಡ ಶಾಲೆ. ಅವರ ಹೆಂಡತಿ ರತ್ನಮ್ಮಕ್ಕ ಓದಿದ್ದು ತೆಲುಗು ಶಾಲೆ. ಬಾಯಿಮಾತಿಗೆ ಇಬ್ಬರಿಗೂ ಎರಡೂ ಭಾಷೆ ನೀರು ಕುಡಿದ ಹಾಗೆ. ಆದರೆ ಅವರು ಬರೆದದ್ದು ಅಕ್ಕನಿಗೆ ಓದಲು ಬರದು, ಅಕ್ಕ ಓದುವಂಥದ್ದು ಅವರಿಗೆ ಬರೆಯಲು ಬರದು. ಇಷ್ಟು ವರ್ಷದ ಸಂಸಾರದಲ್ಲಿ ಅದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಈಗ ಇಬ್ಬರ ನಡುವೆ ಅದೇ ಗೋಡೆಯಾಗಿ ನಿಂತಿತು. ದುಬಾಷಿಯಾಗಿ ನನ್ನನ್ನು ಊಟದ ಹೊತ್ತಿಗೆ ಕರೆಯುತ್ತಿದ್ದರು. ಅವರು ಚೀಟಿಯಲ್ಲಿ ಗೀಚುವರು, ನಾನು ಅವರದೇ ದನಿಯಲ್ಲಿ ಓದುವೆನು.

"ಹ್ಞಾ... ರತ್ನಾ, ಸಾರಿಗೆ ಉಪ್ಪು ಕಡಿಮಿ ಆಗೈತಿ. ಮತ್ತ, ಹನುಮೇಶಗ ಇನ್ನೆರಡು ದ್ವಾಸಿ ಹಾಕು, ಬಡಕಲಾಗ್ಯಾನ. ಹೆಹ್."

ಎರಡನೆಯ ವಾಕ್ಯ ಚೀಟಿಯಲ್ಲಿ ಇರುತ್ತಿರಲಿಲ್ಲ. ಅವರ ಕಿವಿ ಚೆನ್ನಾಗಿಯೇ ಇತ್ತು. ಚಪ್ಪಲಿ ಹಾರಿ ಬರುತ್ತಿತ್ತು. ರತ್ನಮ್ಮಕ್ಕ ನಗುತ್ತಾ ದೋಸೆ ಹಾಕುತ್ತಿದ್ದಳು, ಆಮೇಲೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಒಮ್ಮೆ ಅವಳು ಮೆಲ್ಲಗೆ, "ನೀ ಹೋದ ಮ್ಯಾಲೆ ಈ ಮನಿ ಬಿಕೋ ಅಂತೈತಿ ತಮ್ಮಾ. ಜಗಳಾಡಾಕೂ ನಿನ್ನೇ ಕರಿಬೇಕಲ್ಲೋ" ಅಂದಳು. ಓಬಳೇಶಪ್ಪನವರು ಅವತ್ತು ಚೀಟಿ ಬರೆಯಲಿಲ್ಲ. ಗಂಡ-ಹೆಂಡತಿಯ ನಡುವೆ ಈ ಕೋತಿ ಕೂರದೆ ಅವರಿಬ್ಬರೂ ಮಾತಾಡುವ ಹಾಗಾಗಬೇಕು ಎಂದು ಕೋತಿಗೇ ಅನ್ನಿಸಿತು.

ಅಂಥ ದಿನಗಳಲ್ಲಿ ಮಡಕಶಿರದ ಶಾರದಾ ಬಂದಳು. ಅವಳದು ಅಲ್ಲಿ ರೇಷ್ಮೆ ಬೆಳೆಯುವ ಮನೆ, ಕೆಲಸ ಕಂಪ್ಯೂಟರ್ ಪಾಠ ಹೇಳುವುದು. ಗೆಳೆಯರ ಜೊತೆ ಸೇರಿ ರಾಯದುರ್ಗದ ಕಲ್ಯಾಣ ಮಂಟಪದಲ್ಲಿ ಒಂದು ಸಮ್ಮೇಳನ ಇಟ್ಟುಕೊಂಡಿದ್ದಳು.

"ಫ್ರೀ ಸಾಫ್ಟ್‌ವೇರ್ ಸಮ್ಮೇಳನ ಕಣಣ್ಣ. ಫ್ರೀ ಅಂದ್ರೆ ಪುಕ್ಸಟ್ಟೆ ಅಂತಲ್ಲ, ಮುಕ್ತ ಅಂತ. ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು, ತಿದ್ಬೋದು, ಅಂಚ್ಬೋದು. ಇದನ್ನ ಬಿಡಿಸಿ ಏಳ್ಬೇಕು, ಆಯ್ತಾ?"

"ಆಯ್ತು ಬಿಡವಾ, ಬಿಡಿಸೇ ಹೇಳ್ತೀನಿ" ಅಂದೆ.

ಬಿಡಿಸಿಯೇ ಹೇಳಿದೆ, ತಮ್ಮಂದಿರೇ. ಬೇಕಾದ್ದಕ್ಕಿಂತ ಹೆಚ್ಚು ಬಿಡಿಸಿದೆ. ಅಷ್ಟು ವರ್ಷ ಬಟ್ಟೆ ಅಂಗಡಿಗಳಿಗೆ ಕೂಗಿ ಕೂಗಿ ನಾಲಗೆಗೆ ಒಂದೇ ರಾಗ ಅಂಟಿಬಿಟ್ಟಿತ್ತು: ಮೆನ್ಸ್... ವೇರ್! ಲೇಡೀಸ್... ವೇರ್! ಕಿಡ್ಸ್... ವೇರ್! ಅದೇ ರಾಗದಲ್ಲಿ "ಫ್ರೀ... ಸಾಫ್ಟ್... ವೇರ್! ಬರ್ರೀಽಽ" ಎಂದು ಊರೆಲ್ಲ ಕೂಗಿದೆ. ಓಬಳೇಶಪ್ಪನವರು ಎರಡು ಸಲ ಹಾರ್ನ್ ಒತ್ತಿದರು. ಎಮ್ಮೆ ಅಡ್ಡ ಬಂದಿರಬೇಕು ಅಂದುಕೊಂಡೆ.

ಬೆಳಗ್ಗೆ ಕಲ್ಯಾಣ ಮಂಟಪದ ಬಾಗಿಲಲ್ಲಿ ಲ್ಯಾಪ್‌ಟಾಪ್ ಹೊತ್ತ ಹುಡುಗರಿಗಿಂತ ಮುಂಚೆ ಟೈಲರುಗಳು, ಅವರ ಹೆಂಡಿರು ಮಕ್ಕಳು, ಅತ್ತೆಯರು ಚೀಲ ಹಿಡಿದು ನಿಂತಿದ್ದರು. ಮೃದು ಬಟ್ಟೆ ಪುಕ್ಕಟೆ ಕೊಡುತ್ತಾರಂತೆ! ಶಾರದಾ ನನ್ನ ಕಡೆ ನೋಡಿದ ನೋಟವನ್ನು ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ.

ಆದರೆ ದೇವರು ದೊಡ್ಡವನು. ಆ ಸಮ್ಮೇಳನದವರ ಪದ್ಧತಿಯೇನೆಂದರೆ, ಬಂದವರಿಗೆಲ್ಲ ಪುಕ್ಕಟೆ ಟೀ-ಶರ್ಟ್ ಕೊಡುವುದು. ಎದೆಯ ಮೇಲೆ ದಪ್ಪ ಹೊಟ್ಟೆಯದೊಂದು ಹಕ್ಕಿ, ಪೆಂಗ್ವಿನ್ನಂತೆ, ಅವರ ಸಾಫ್ಟ್‌ವೇರಿನ ಗುರುತಂತೆ. ಸಾಲಿನಲ್ಲಿ ಮುಂದಿದ್ದ ಟೈಲರಮ್ಮ ಅಜ್ಜಿ ಬಟ್ಟೆಯನ್ನು ಬೆರಳ ನಡುವೆ ತೀಡಿ ನೋಡಿ, "ಹೇಳಿದಂಗೇ ಕೊಟ್ರಪಾ. ಅಷ್ಟೇನ್ ಸಾಫ್ಟ್ ಇಲ್ಲ, ಎರಡು ಒಗೆತಕ್ಕ ಸರಿ ಹೋಗ್ತೈತಿ" ಎಂದು ತೀರ್ಪು ಕೊಟ್ಟಳು. ಒಗ್ಗರಣೆ ಮಂಡಕ್ಕಿ, ಮಿರ್ಚಿಯ ವಾಸನೆ ಬರುತ್ತಿದ್ದುದರಿಂದ ಯಾರೂ ಮನೆಗೆ ಹೋಗಲಿಲ್ಲ. ಸಭಾಂಗಣ ತುಂಬಿತು.

ನಾನೂ ಒಂದು ಹಕ್ಕಿ ಅಂಗಿ ತೊಟ್ಟು ಕೂತೆ. ಅರ್ಥವಾದದ್ದಷ್ಟನ್ನೇ ಹೇಳುತ್ತೇನೆ. ಒಬ್ಬ ಹುಡುಗ ಪರದೆಯ ಮೇಲೆ ಇರುವೆ ಸಾಲಿನಂಥ ಅಕ್ಷರ ತೋರಿಸಿ, "ಇದೇ ಒಳಗಿನ ಸೋರ್ಸು, ನಾವು ಮುಚ್ಚಿಡುವುದಿಲ್ಲ" ಅಂದ. ಟೈಲರಜ್ಜಿ ನನ್ನ ಕಿವಿಯಲ್ಲಿ, "ಹೊಲಿಗಿ ಬಿಚ್ಚಿ ನೋಡ್ಕೊಳ್ರಿ ಅಂತಾನೇನು? ಧೈರ್ಯ ಐತಿ ಬಿಡು ಹುಡುಗಂಗ" ಅಂದಳು. ಅವರವರಲ್ಲೇ ಜಗಳವೂ ಇತ್ತು. ಇಬ್ಬರು ಗಡ್ಡದವರು ಯಾವುದೋ ಎರಡು ಎಡಿಟರ್ ಸಾಫ್ಟ್‌ವೇರ್‌ಗಳಲ್ಲಿ ಯಾವುದು ಮೇಲು ಎಂದು ಊಟದ ಸಾಲಿನಲ್ಲೂ ಬೀಗರ ಹಾಗೆ ಕಾದಾಡುತ್ತಿದ್ದರು.

ಮಧ್ಯಾಹ್ನ ಶಾರದಾಳ ಸರದಿ. ಕಂಪ್ಯೂಟರಿಗೆ ಕನ್ನಡ ಮಾತಾಡಲು ಕಲಿಸುವ ವಿಷಯ. ಟೈಪ್ ಮಾಡಿದರೆ ಅದು ಓದಿ ಹೇಳುತ್ತದೆ. ಒತ್ತಿದಳು. "ದಯವಿಟ್ಟು ಎಲ್ಲರೂ ಆಗಮಿಸಬೇಕಾಗಿ ವಿನಂತಿ" ಎಂದು ಅದು ಇಸ್ತ್ರಿ ಮಾಡಿದ ದನಿಯಲ್ಲಿ ಹೇಳಿತು. ಸಭೆ ಗೊಳ್ಳೆಂದಿತು. "ಇವರು ಯಾರ ಮನಿ ಬೀಗರ್ರೀ?" ಎಂದು ಯಾರೋ ಕೇಳಿದರು.

ನನ್ನೊಳಗಿನ ಕೋತಿ ಎದ್ದು ನಿಂತಿತು. ಮೈಕು ಇಸಿದುಕೊಂಡು ಪ್ರಶ್ನೆ ಕೇಳಿದೆ, ಆ ದನಿಯಲ್ಲಿ: "ಹ್ಞಾ... ಕೇಳ್ರಪಾ ಕೇಳ್ರಿ! ನಿಮ್ ಮಿಷನ್ನು ನಮ್ಮಂಗ ಮಾತಾಡ್ತೈತೇನ್ರೀಽಽ? ಹೆಹ್."

ನಗು ಬರಲಿಲ್ಲ. ಇಡೀ ಸಭೆ ತಿರುಗಿದ್ದು ನನ್ನ ಕಡೆಯಲ್ಲ, ಹಿಂದಿನ ಬಾಗಿಲ ಕಡೆ. ಅಲ್ಲಿ ಓಬಳೇಶಪ್ಪನವರು ಕುರ್ಚಿಯಲ್ಲಿ ಕೂತಿದ್ದರು, ಕತ್ತಿಗೆ ಟವೆಲು ಸುತ್ತಿಕೊಂಡು. ಟೈಲರಜ್ಜಿ ಎದ್ದು ನಿಂತು ಎರಡೂ ಕೈ ಎತ್ತಿ, "ಓಬಳೇಶಪ್ಪಾ! ಗಂಟಲು ಬಂತೇನಪಾ!" ಅಂದಳು. ಅವರು ಟವೆಲನ್ನು ಬಿಗಿಮಾಡಿಕೊಂಡು ಎದ್ದು ಹೊರಗೆ ಹೋದರು. ಆಟೋ ಹೊರಟ ಸದ್ದು ಕೇಳಿತು. ಹಾರ್ನ್ ಮಾತ್ರ ಕೇಳಲಿಲ್ಲ.

ಅಷ್ಟು ವರ್ಷದಲ್ಲಿ ನನಗೆ ಬೈಗುಳ ಸಿಗದ ದಿನ ಅದೊಂದೇ. ಮಿರ್ಚಿಯೂ ರುಚಿಸಲಿಲ್ಲ.

ಶಾರದಾ ಹುಡುಕಿಕೊಂಡು ಬಂದಳು. "ಆ ದನಿ ಯಾರ್ದಣ್ಣ?" ಹೇಳಿದೆ. ಚೀಟಿಯ ಸಂಗತಿ, ಕನ್ನಡ ಶಾಲೆ, ತೆಲುಗು ಶಾಲೆ, ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ಅವ್ರ ಅಳೇ ರೆಕಾರ್ಡಿಂಗ್ ಇದ್ರೆ ಕೊಡು. ಅವರ್ದೇ ದನೀನ ಮಿಷನ್ನಿಗೆ ಕಲ್ಸಾನ. ಅವ್ರು ಫೋನಿನಾಗೆ ಟೈಪ್ ಮಾಡಿದ್ರೆ ಅದು ಮಾತಾಡ್ತೈತೆ" ಅಂದಳು.

ಎಲ್ಲಿಯ ರೆಕಾರ್ಡಿಂಗು? ಅವರು ಕೂಗಿದ್ದೆಲ್ಲ ಬೀದಿಯ ಗಾಳಿಗೆ. ಕಂಪ್ಯೂಟರಿನಲ್ಲಿದ್ದ ಚೂರುಪಾರಿನಲ್ಲೂ ಅಡಿಯಲ್ಲಿ ಬ್ಯಾಂಡು, ನಡುವೆ ಆ ಟ್ರಯಲ್ ವರ್ಷನ್ ಹೆಂಗಸು.

"ಅಂಗಾದ್ರೆ ಆ ದನಿಗೆ ಇರೋ ಬ್ಯಾಕಪ್ಪು ಯಾವ್ದಣ್ಣ?"

ನಾನು ಹಕ್ಕಿ ಅಂಗಿಯ ಮೇಲೆ ಕೈ ಇಟ್ಟುಕೊಂಡೆ. "ನಾನೇ."

ಮಾರನೆಯ ದಿನ ಶಾರದಾಳನ್ನು ಮುಂದೆ ಮಾಡಿಕೊಂಡು, ಚಪ್ಪಲಿ ಎಟುಕದಷ್ಟು ಹಿಂದೆ ನಿಂತು ಅವರ ಮನೆಗೆ ಹೋದೆ. ಓಬಳೇಶಪ್ಪನವರು ಅಂಗಳದಲ್ಲಿ ಆಟೋ ಒಳಗೇ ಕೂತಿದ್ದರು. ಶಾರದಾ ವಿಷಯವನ್ನೆಲ್ಲ ವಿವರಿಸಿ ಕೊನೆಗೆ, "ಒಂದೇ ಮಾತು ಯಜಮಾನ್ರೇ. ಇದ್ನ ಮಾಡೋ ಗೆಳೆಯರು ದುಡ್ಡಿಗೆ ಮಾಡೋರಲ್ಲ. ಮಾಡಿದ್ದನ್ನ ಎಲ್ಲಾರಿಗೂ ಬಿಡ್ತಾರೆ. ನಿಮ್ ದನೀನ ಯಾರ್ ಬೇಕಾದ್ರೂ ಬಳಸ್ಕಬೋದು. ನೀವು ಒಪ್ಪಿದ್ರೆ ಮಾತ್ರ" ಅಂದಳು.

ಹಾರ್ನ್ ಎರಡು ಸಲ. ಬೇಡ. ಆಮೇಲೆ ಚೀಟಿ ಗೀಚಿ ನನ್ನತ್ತ ಎಸೆದರು. ನಾನು ಅವತ್ತು ನನ್ನದೇ ದನಿಯಲ್ಲಿ ಓದಿದೆ, ಒಂದಕ್ಷರ ಸೇರಿಸದೆ: "ಊರ ಮಂದಿಗೆಲ್ಲ ಹಂಚಾಕ ನನ್ ದನಿ ಏನು ಪ್ರಸಾದನಾ?"

ಬಾಗಿಲಲ್ಲಿ ನಿಂತಿದ್ದ ರತ್ನಮ್ಮಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಅಲ್ರಿ, ಇಷ್ಟು ದಿನ ನಾಕು ದಿಕ್ಕಿಗೆ ಸ್ಪೀಕರ್ ಕಟ್ಟಿ ಊರಿಗೆಲ್ಲ ಹಂಚಿದ್ರಲ್ಲ, ಅವಾಗ ಯಾರನ್ನ ಕೇಳಿ ಹಂಚಿದ್ರಿ? ಮಂದಿಗೆ ಹೋದ್ರ ಹೋಗ್ಲಿ. ನನಗೊಂದೀಟು ಉಳಿತೈತಲ್ಲ."

ಓಬಳೇಶಪ್ಪನವರು ಹಾರ್ನಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಕೊನೆಗೆ ಒಂದು ಸಲ ಒತ್ತಿದರು.

ರೆಕಾರ್ಡಿಂಗ್ ಮಡಕಶಿರದಲ್ಲಿ, ಶಾರದಾಳ ಮನೆಯಲ್ಲಿ. ಬೆಟ್ಟದ ಕೋಟೆಯ ಮಗ್ಗುಲಿಗೆ ಊರಿನ ಗದ್ದಲವಿಲ್ಲದ ಜಾಗ ಅಂದಿದ್ದಳು. ಮೊದಲ ದಿನ ಮೈಕು ಹಚ್ಚಿ ಕೇಳಿದರೆ ಸರಸರ ಮಳೆಯ ಸದ್ದು. ಹೊರಗೆ ಬಿಸಿಲು ಸುಡುತ್ತಿದೆ! ಪಕ್ಕದ ಹುಳು ಸಾಕುವ ಕೋಣೆಯಲ್ಲಿ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದಂತೆ. ಕಿವಿಗೆ ಹಿತ, ಮೈಕಿಗೆ ವಿಷ. ವಾಪಸ್ಸು ಬಂದೆ. ಕೆಲವು ದಿನ ಬಿಟ್ಟು ಅವಳ ಫೋನು: "ಎಲ್ಲಾ ಜ್ವರಕ್ಕೆ ಕೂತವೆ ಕಣಣ್ಣ. ಮನೆ ನಿಶ್ಶಬ್ದ. ಬಿರ್ನೆ ಬಾ."

ಮನೆ ಮಂದಿಗೆಲ್ಲ ಜ್ವರ ಬಂದಿರುವಾಗಲೂ ರೆಕಾರ್ಡಿಂಗ್ ಅನ್ನುತ್ತಾಳಲ್ಲ, ಎಂಥ ಹುಡುಗಿ ಎಂದು ಮರುಗಿ, ಬ್ರೆಡ್ಡು, ಮೋಸಂಬಿ, ಜ್ವರದ ಮಾತ್ರೆ ಎಲ್ಲ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಬಾಗಿಲು ತೆರೆದ ಅವಳ ತಂದೆ ಗುಂಡುಕಲ್ಲಿನ ಹಾಗಿದ್ದಾರೆ. "ಈಗ ಹೆಂಗೈತ್ರಿ ಮೈಗೆ?" ಎಂದು ಹಣೆ ಮುಟ್ಟಲು ಹೋದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ತಲೆಯೆತ್ತಿ ಕೂರುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರಂತೆ. ಆ ಬ್ರೆಡ್ಡನ್ನು ಚಹಾದಲ್ಲಿ ಅದ್ದಿಕೊಂಡು ಮನೆಮಂದಿಯೆಲ್ಲ ನಗುತ್ತಾ ತಿಂದರು. ಶಾರದಾ ಇವತ್ತಿಗೂ ಸಿಕ್ಕಾಗ ನನ್ನ ಹಣೆ ಮುಟ್ಟಿ ನೋಡುತ್ತಾಳೆ.

ಹುಳು ಜ್ವರದಲ್ಲಿರುವಷ್ಟು ಹೊತ್ತು ನಾನು ಓಬಳೇಶಪ್ಪನವರಾಗಿ ಕೂತು ಸಾವಿರ ತರದ ವಾಕ್ಯ ಓದಿದೆ. ಬೈದೆ, ಕರೆದೆ, ದರ ಹೇಳಿದೆ, ಉಪ್ಪು ಕಡಿಮೆ ಅಂದೆ. ಹುಳುಗಳಿಗೆ ಜ್ವರ ಬಿಡುವಾಗ ನನ್ನ ಗಂಟಲು ಕೂತಿತ್ತು.

ಗೆಳೆಯರ ಬಳಗ ಅದನ್ನೆಲ್ಲ ಮಿಷನ್ನಿಗೆ ಉಣ್ಣಿಸಿ, ಸಾಕಷ್ಟು ದಿನ ಬಿಟ್ಟು ಫೋನಿಗೆ ಹಾಕಿಕೊಟ್ಟಿತು. ಶಾರದಾಳೂ ನಾನೂ ಎದುರಿಗೆ ಕೂತೆವು. ಓಬಳೇಶಪ್ಪನವರು ಕನ್ನಡಕ ಏರಿಸಿ, ಒಂದು ಬೆರಳಿನಲ್ಲಿ ಟೈಪ್ ಮಾಡಿ, ಗುಂಡಿ ಒತ್ತಿದರು.

"ಹ್ಞಾ... ರತ್ನಾ, ಒಂದು ಲೋಟ ಚಾ ತಗಂಬಾ. ಹೆಹ್."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಓಬಳೇಶಪ್ಪನವರು ನನ್ನ ಕಡೆ ಉರಿಗಣ್ಣು ಬಿಟ್ಟು ಮತ್ತೆ ಕುಟ್ಟಿದರು.

"ಲೇ ಹನುಮ್ಯಾ, ನಾ ಯಾವಾಗ ಹಿಂಗ ಹೆಹ್ ಅಂದಿದ್ನಲೇ? ಹೆಹ್."

ಟೈಪ್ ಮಾಡದಿದ್ದರೂ ಬೈಗುಳದ ಕೊನೆಗೂ ಅದು ಅಂಟಿಕೊಂಡು ಬಂತು. ಅಷ್ಟರಲ್ಲಿ ರತ್ನಮ್ಮಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು. ನನ್ನನ್ನು ನೋಡಿದಳು. ನನ್ನ ಬಾಯಿ ಮುಚ್ಚಿತ್ತು. ಗಂಡನನ್ನು ನೋಡಿದಳು.

"ಅದೇ ಹೆಹ್" ಅಂದಳು. "ನನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿಂದು ಹಿಂಗೇ ಹೆಹ್ ಅಂದಿದ್ರಿ. ಈ ಕೋತಿ ಮಾಡಿದ್ದಲ್ರಿ ಅದು. ನಿಮ್ಮದೇ."

ಓಬಳೇಶಪ್ಪನವರು ಮತ್ತೆ ಟೈಪ್ ಮಾಡತೊಡಗಿದರು. ಶಾರದಾ ನನ್ನ ತೋಳು ಹಿಡಿದು ಹೊರಗೆಳೆದುಕೊಂಡು ಹೋದಳು. ಬೀದಿಯ ತಿರುವಿನವರೆಗೂ ಹಿಂದಿನಿಂದ ಜಗಳ ಕೇಳುತ್ತಲೇ ಇತ್ತು. ಎರಡು ದನಿ.

ಆದರೂ ಹಟ ಬಿಡಲಿಲ್ಲ ಪುಣ್ಯಾತ್ಮರು. ಹೆಹ್ ತೆಗೆಯಲೇಬೇಕೆಂದು ಶಾರದಾಳಿಗೆ ಹೇಳಿದರು, ತಮ್ಮ ಹೊಸ ದನಿಯಲ್ಲೇ. ಹೊಲಿಗೆ ಬಿಚ್ಚಲು ಬರುವಂಥ ಸಾಫ್ಟ್‌ವೇರ್ ಅಲ್ಲವೇ, ಬಿಚ್ಚಿ ತೆಗೆದು ಹೊಲಿದು ಕೊಟ್ಟಳು.

ಇನ್ನು ನನ್ನ ನಿವೃತ್ತಿ. ಮುಕ್ತ ದನಿ ಮುಕ್ತವಾಗಿ ಹರಡಿತು. ಪೊರಕೆ ಮಾರುವವರು, ಈರುಳ್ಳಿ ಲಾರಿಯವರು, ಎಲ್ಲರೂ ಅದನ್ನೇ ಹಾಕಿಕೊಂಡರು. ಮಡಕಶಿರದ ಸಂತೆಗೆ ಹೋದರೆ ಅಲ್ಲೂ ಓಬಳೇಶಪ್ಪನವರು ಹಳೆ ಪಾತ್ರೆಗೆ ಹೊಸ ಪಾತ್ರೆ ಕೊಡುತ್ತಿದ್ದಾರೆ! ನಮ್ಮ ಆಟೋದಲ್ಲೂ ಅವರೇ ಟೈಪ್ ಮಾಡಿ ಅವರೇ ಓಡಿಸುತ್ತಾರೆ. ಹಿಂದಿನ ಸೀಟಿನಲ್ಲಿ ನಾನು ಸುಮ್ಮನೆ ಬಾಳೆಹಣ್ಣು ತಿನ್ನುತ್ತಾ ಕೂತಿರುತ್ತಿದ್ದೆ. ನನ್ನ ಗಂಟಲೇ ಇನ್ನೊಬ್ಬರ ಹೆಸರಿನಲ್ಲಿ ನನ್ನ ಕೆಲಸ ಕಿತ್ತುಕೊಂಡಿತು. ಇಂಥ ಪೆಟ್ಟು ಈ ವೃತ್ತಿಯಲ್ಲಿ ನಿಮಗೂ ಬೀಳಬಹುದು ತಮ್ಮಂದಿರೇ, ಆದ್ದರಿಂದ ಯಾರದಾದರೂ ದನಿ ತೆಗೆಯುವ ಮುಂಚೆ ಯೋಚಿಸಿ. ಯೋಚಿಸಿದ ಮೇಲೆ ತೆಗೆಯಿರಿ.

ಕೆಲಸ ಬಿಡುತ್ತೇನೆಂದು ಹೇಳಿದ ಮಾರನೆಯ ಬೆಳಗ್ಗೆ ಹಾಸಿಗೆಯಲ್ಲಿದ್ದಾಗ ಬೀದಿಯಿಂದ ಆಟೋ ಸದ್ದು ಬಂತು. ಎದ್ದು ಕಿಟಕಿಗೆ ಬಂದೆ. ಓಬಳೇಶಪ್ಪನವರು ನಮ್ಮ ಮನೆಯ ಮುಂದೆ ಗಾಡಿ ನಿಧಾನ ಮಾಡಿದರು. ರತ್ನಮ್ಮಕ್ಕ ಹಿಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ.

"ಹ್ಞಾ... ಕೇಳ್ರಪಾ ಕೇಳ್ರಿ! ನಮ್ಮ ಹನುಮೇಶ ಇವತ್ತಿಗೆ ನಿವೃತ್ತಿ ಆಗ್ಯಾನ. ಹುಡುಗ ಕೋತಿ ಅದಾನ, ಕೆಟ್ಟಾವಲ್ಲ. ಹೆಣ್ಣಿದ್ದವರು ಬರ್ರೀಽಽ. ಇದು ಟ್ರಯಲ್ ವರ್ಷನ್. ಒಮ್ಮಿ ಒಪ್ಪಿದ ಮಾಲು ವಾಪಸ್ ತಗಳಂಗಿಲ್ಲ."

ಓಣಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಗಾಡಿ ತಿರುವಿನ ಹತ್ತಿರ ಹೋಗಿತ್ತು. ವಾಕ್ಯ ಮುಗಿಯಿತು ಅಂದುಕೊಂಡೆ. ತಿರುಗುವ ಮುಂಚೆ ಮೈಕು ಇನ್ನೊಂದು ಮಾತು ಹೇಳಿತು. ಅದನ್ನು ಮಿಷನ್ನಿನಿಂದ ಕಿತ್ತು ಹಾಕಿ ಆಗಿತ್ತು. ತಾವೇ ಬೆರಳಿನಲ್ಲಿ ಕುಟ್ಟಿ ಸೇರಿಸಿದ್ದರೆ ಮಾತ್ರ ಬರುವಂಥದ್ದು.

"ಹೆಹ್."